ರಮಾಬಾಯಿ ಕಂಡ ಅಮೇರಿಕ, ಬರೆಯದೆ ಬಿಟ್ಟ ಅಮೇರಿಕ

ಸೋಲಾಪುರದ ಮಾರ್ಗವಾಗಿ ಕಲಬುರ್ಗಿಗೆ ಹೋಗಿಬರುವ ನಮ್ಮ ಸಂಘದ ಬಂಧುಗಳಿಗೆ, ದೌಂಡಿಗಿಂತ ಮೊದಲು ಸಿಗುವ ಕೇಡಗಾಂವ ಸ್ಟೇಶನ್ನಿನ ಹೆಸರು ಹೊಸದಲ್ಲ. ಪಂಡಿತಾ ರಮಾಬಾಯಿಯವರ ಮುಕ್ತಿ ಸದನವಿರುವ ಊರದು. ನಾನೂ ಎಷ್ಟೋ ಸಲ ಆ ಹಾದಿಯಲ್ಲಿ ಹೋಗಿದ್ದೇನೆ, ಇಳಿದು ನೋಡಿದ್ದಿಲ್ಲ. ರಮಾಬಾಯಿ ಎಂದರೆ ವಿಧವೆಯರ ಆಶ್ರಮ, ಕ್ರೈಸ್ತ ಧರ್ಮ, ಟಿಳಕರೊಡನೆ ಜಗಳ – ಇಷ್ಟೇ ನನ್ನ ತಿಳಿವಳಿಕೆಯಾಗಿತ್ತು. ಅವರು ಅಮೇರಿಕದ ಮೇಲೆ ಒಂದು ದೊಡ್ಡ ಪುಸ್ತಕ ಬರೆದಿದ್ದಾರೆಂಬುದು ನನಗೆ ಗೊತ್ತಾದದ್ದು ಅಕ್ಕನ ಮಗಳ ದೆಸೆಯಿಂದ.

ಹುಡುಗಿ ಮುಂದಿನ ಓದಿಗೆಂದು ಫಿಲಡೆಲ್ಫಿಯಾಕ್ಕೆ ಹೊರಟಿದ್ದಳು. ಹೊರಡುವ ಮೊದಲು ಮನೆಗೆ ಬಂದವಳು, ‘ಮಾಮಾ, ಆ ದೇಶದ ಬಗ್ಗೆ ಹೋಗೋಕಿಂತ ಮೊದಲ ಏನರೆ ಓದಬೇಕಲ್ಲ, ಏನ ಓದ್ಲಿ?’ ಎಂದು ಕೇಳಿದಳು. ಪುಣೆಯಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡ ಮಾತಾಡುತ್ತಾಳೆ, ಓದುವಾಗ ತಡವರಿಸುತ್ತಾಳೆ. ಹೀಗಾಗಿ ಮರಾಠಿಯದೇ ಆಗಲೆಂದು ಪೇಟೆಯ ಹಳೆಯ ವಾಚನಾಲಯವೊಂದರಲ್ಲಿ ಹುಡುಕಿದಾಗ ಸಿಕ್ಕದ್ದು ‘ಯುನೈಟೆಡ್ ಸ್ಟೇಟ್ಸ್‌ಚೀ ಲೋಕಸ್ಥಿತಿ ಆಣಿ ಪ್ರವಾಸವೃತ್ತ’. 1889ರಲ್ಲಿ ಮುಂಬಯಿಯಲ್ಲಿ ಅಚ್ಚಾದ ಕೃತಿ. ಅವಳಿಗೆ ಕೊಡುವ ಮೊದಲು ನಾನೇ ಓದಿದೆ. ಎರಡು ಸಲ ಓದಿದೆ. ಆ ಓದಿನಲ್ಲಿ ಹುಟ್ಟಿದ ಸಂತೋಷವನ್ನೂ ತಕರಾರನ್ನೂ ನಮ್ಮ ಮಾಸಿಕದ ಓದುಗರ ಮುಂದಿಡುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಇತಿಹಾಸದ ವಿದ್ಯಾರ್ಥಿಯಲ್ಲ, ಸಾಹಿತ್ಯ ವಿಮರ್ಶಕನಂತೂ ಅಲ್ಲವೇ ಅಲ್ಲ. ಬಿ.ಎಸ್ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ಕಟ್ಟುವವನು. ತಪ್ಪಿದ್ದಲ್ಲಿ ತಿಳಿದವರು ತಿದ್ದಬೇಕು.

ಮೊದಲು ಒಂದು ಮಾತು. ರಮಾಬಾಯಿ ನಮ್ಮವರು. ಮಹಾರಾಷ್ಟ್ರದವರು ಅವರನ್ನು ತಮ್ಮವರೆನ್ನುವುದರಲ್ಲಿ ತಪ್ಪೇನಿಲ್ಲ. ಮನೆಮಾತು ಮರಾಠಿ, ಕಾರ್ಯಕ್ಷೇತ್ರ ಮುಂಬಯಿ, ಪುಣೆ, ಕೇಡಗಾಂವ. ಆದರೆ ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು, ಮತ್ತು 1858ರ ಏಪ್ರಿಲಿನಲ್ಲಿ ರಮಾಬಾಯಿ ಹುಟ್ಟಿದ್ದು ತುಂಗೆ-ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಜನರ ಬಾಯಿಗೆ ಸಿಕ್ಕ ಆ ಶಾಸ್ತ್ರಿಗಳು ಕಾಡು ಸೇರಿದವರು. ಮುಂದೆ ತೀರ್ಥಯಾತ್ರೆಯ ಅಲೆದಾಟ, ಬರಗಾಲ, ಅದರಲ್ಲಿ ತಂದೆ, ತಾಯಿ, ಅಕ್ಕನ ಸಾವು. ಅಣ್ಣನೊಡನೆ ದೇಶ ಸುತ್ತುತ್ತ ಕಲಕತ್ತೆ ಸೇರಿದ ಹುಡುಗಿಗೆ 1878ರಲ್ಲಿ ಅಲ್ಲಿಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನು ಕೊಟ್ಟರು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡರು. ಕೈಯಲ್ಲಿ ಮನೋರಮಾ ಎಂಬ ಹೆಣ್ಣು ಕೂಸು. ಕೊನೆಗಾಲದಲ್ಲಿ ಕಲಬುರ್ಗಿಯಲ್ಲೂ ಒಂದು ಶಾಲೆ ತೆರೆದು ಇದೇ ಮಗಳನ್ನು ಅಲ್ಲಿ ಇರಿಸಿದರು. ಅಷ್ಟರಮಟ್ಟಿಗೆ ಅವರ ಬದುಕು ಕನ್ನಡ ನಾಡಿನಲ್ಲಿ ಶುರುವಾಗಿ ಮತ್ತೆ ಕನ್ನಡ ನಾಡನ್ನು ಮುಟ್ಟಿತು.

ಪುಸ್ತಕಕ್ಕೆ ಬರೋಣ. 1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ಅಲ್ಲಿ ಕ್ರೈಸ್ತರಾದರು. ಆದರೆ ಅಲ್ಲಿಯ ಗುರುಗಳ, ಬಿಷಪ್ಪರ ಹತೋಟಿ ಅವರಿಗೆ ಒಗ್ಗಲಿಲ್ಲ. ಇವರು ಗಂಡಸರಿಗೆ ಪಾಠ ಹೇಳುವುದು ಸಲ್ಲದೆಂದು ಬಿಷಪ್ಪರು ಆಕ್ಷೇಪಿಸಿದ್ದರೆಂದ ಮೇಲೆ, ಕಲಕತ್ತೆಯ ಪಂಡಿತರ ಸಭೆಯನ್ನು ಗೆದ್ದು ಬಂದ ಹೆಂಗಸಿಗೆ ಹೇಗೆನಿಸಿರಬೇಕು! ಆ ಹೊತ್ತಿಗೆ ನಮ್ಮ ಪುಣೆಯ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದ ಹೆಂಗಸರ ವೈದ್ಯಕೀಯ ಕಾಲೇಜಿನಲ್ಲಿ ಓದು ಮುಗಿಸುತ್ತಿದ್ದರು. ಆ ಪದವೀದಾನಕ್ಕೆಂದು 1886ರ ಮಾರ್ಚಿನಲ್ಲಿ ಅಮೇರಿಕಕ್ಕೆ ಹೋದ ರಮಾಬಾಯಿ ಹಿಂದಿರುಗಲು ಹೊರಟದ್ದು 1888ರ ಕೊನೆಗೆ. ನಡುವೆ ಊರೂರು ಸುತ್ತಿ ಭಾಷಣ ಮಾಡಿದರು. 1887ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದ ಜನ ‘ರಮಾಬಾಯಿ ಅಸೋಸಿಯೇಶನ್’ ಕಟ್ಟಿ, ಭಾರತದಲ್ಲಿ ಬಾಲವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡುವ ವಚನವಿತ್ತರು. ಆ ಹಣದಿಂದಲೇ 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು, ಮರುವರ್ಷ ಪುಣೆಗೆ ಬಂದಿತು.

ಈ ಹಿನ್ನೆಲೆ ಗೊತ್ತಿಲ್ಲದೆ ಪುಸ್ತಕ ಓದಿದರೆ, ಇದೇನು ಅಮೇರಿಕದ ಸ್ತೋತ್ರವೆಂದು ಅನ್ನಿಸೀತು. ಅರಸನಿಲ್ಲದ ರಾಜ್ಯ, ಚುನಾಯಿತ ಅಧ್ಯಕ್ಷ, ಊರಿಗೊಂದು ಶಾಲೆ, ಹೆಣ್ಣುಮಕ್ಕಳ ಕಾಲೇಜುಗಳು, ಮದ್ಯಪಾನ ವಿರೋಧಿಸುವ ಮಹಿಳಾ ಸಂಘ, ತಾವೇ ಸಭೆ ನಡೆಸಿ ತಾವೇ ಲೆಕ್ಕಪತ್ರ ಇಡುವ ಹೆಂಗಸರು – ಇವನ್ನೆಲ್ಲ ರಮಾಬಾಯಿ ಬಾಯ್ತುಂಬ ಹೊಗಳುತ್ತಾರೆ. ಸ್ತ್ರೀಯರ ಸ್ಥಿತಿಯನ್ನು ಕುರಿತ ಭಾಗ ಪುಸ್ತಕದ ಎದೆಗೂಡು. ಅದನ್ನು ಬರೆದ ಕಾಲದಲ್ಲಿ ಪುಣೆಯ ಹೆಣ್ಣುಮಗಳೊಬ್ಬಳು ಶಾಲೆಗೆ ಹೋದರೆ ಬೀದಿಯಲ್ಲಿ ಕಲ್ಲು, ಸೆಗಣಿ ಬೀಳುತ್ತಿತ್ತೆಂಬುದನ್ನು ನೆನೆದರೆ, ಆ ಹೊಗಳಿಕೆ ನಮ್ಮ ಅಂಗಳಕ್ಕೆ ಗುರಿಯಿಟ್ಟ ಕಲ್ಲು ಎಂಬುದು ತಿಳಿಯುತ್ತದೆ. ಇಂಗ್ಲೆಂಡಿಗೂ ಅದರಲ್ಲಿ ಪೆಟ್ಟಿದೆ. ಒಂದು ಕಾಲಕ್ಕೆ ಇಂಗ್ಲಿಷರ ವಸಾಹತಾಗಿದ್ದ ದೇಶ ಅವರನ್ನು ಹೊರಗಟ್ಟಿ ನೂರು ವರ್ಷಗಳಲ್ಲಿ ಹೀಗೆ ಬೆಳೆಯಿತು ನೋಡಿ ಎಂದು, ಇಂಗ್ಲಿಷರ ಆಳ್ವಿಕೆಯಲ್ಲಿದ್ದ ಓದುಗರಿಗೆ 1889ರಲ್ಲಿ ಹೇಳುವುದು ಸಣ್ಣ ಧೈರ್ಯವಲ್ಲ. ಕಾಂಗ್ರೆಸ್ಸು ಹುಟ್ಟಿ ಆಗಿನ್ನೂ ನಾಲ್ಕು ವರ್ಷ.

ಹಾಗೆಂದು ಅವರು ಕಣ್ಣುಮುಚ್ಚಿ ಹೊಗಳುವವರಲ್ಲ. ಸತ್ತ ಹಕ್ಕಿಗಳನ್ನು ಟೊಪ್ಪಿಗೆಗೆ ಸಿಕ್ಕಿಸಿಕೊಳ್ಳುವ ಸಿರಿವಂತ ಹೆಂಗಸರ ಶೋಕಿಯನ್ನು ಚೆನ್ನಾಗಿಯೇ ಝಾಡಿಸುತ್ತಾರೆ. ಗುಲಾಮಗಿರಿ ಕಾಯಿದೆಯಲ್ಲಿ ಹೋದರೂ ಬಿಳಿಯರ ಮನಸ್ಸಿನಲ್ಲಿ ಬಣ್ಣದ ಭೇದ ಉಳಿದಿರುವುದನ್ನು ನೋಡುತ್ತಾರೆ. ಜಾತಿಯ ಬಿಸಿ ಉಂಡ ಮನೆಯವರಿಗೆ ಅದು ಬೇಗ ಕಂಡಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅಮೇರಿಕದ ಮೂಲನಿವಾಸಿಗಳ ಕಥೆಯಿದೆ. ಅಮೇರಿಕ ಖಂಡ ನಮ್ಮ ಕಾಲಡಿಯ ಪಾತಾಳಲೋಕ ಎಂಬ ಹಳೆಯ ಮಾತನ್ನು ಹಿಡಿದು ಅವರು ಶುರುಮಾಡುತ್ತಾರೆ. (ನಮ್ಮ ಶಿವರಾಮ ಕಾರಂತರೂ ಒಂದು ಪ್ರವಾಸಕಥನಕ್ಕೆ ‘ಪಾತಾಳಕ್ಕೆ ಪಯಣ’ ಎಂದೇ ಹೆಸರಿಟ್ಟಿದ್ದು ನೆನಪಾಯಿತು.) ಕೊಲಂಬಸನಿಗೆ ಉಣಬಡಿಸಿದ ಜನಕ್ಕೆ ಸಿಕ್ಕ ಪ್ರತಿಫಲ, ಸ್ಪೇನಿನವರ ಚಿನ್ನದ ಹಸಿವು, ಅವರ ಹಿಂದೆ ಬಂದ ಬಿಳಿಯರು ಒಪ್ಪಂದ ಮಾಡಿ ಮುರಿದು ನೆಲ ಕಸಿದದ್ದು – ಇವನ್ನು ಮುಚ್ಚಿಟ್ಟಿಲ್ಲ. ಆಶ್ರಯ ಕೊಟ್ಟವರ ದೋಷವನ್ನು ಹೇಳಲು ಅವರು ಅಂಜಲಿಲ್ಲ. ಈ ಪುಟಗಳಿಗಾಗಿಯೇ ನಾನು ಪುಸ್ತಕವನ್ನು ಎರಡನೆಯ ಸಲ ಓದಿದೆ. ಮತ್ತು ನನ್ನ ತಕರಾರು ಹುಟ್ಟಿದ್ದೂ ಇಲ್ಲಿಯೇ.

ಅದೇನೆಂದರೆ, ಮೂಲನಿವಾಸಿಗಳ ಅಧ್ಯಾಯದಲ್ಲಿ ಬರುವ ಬಿಳಿಯನೂ, ದಾನಧರ್ಮದ ಅಧ್ಯಾಯದಲ್ಲಿ ಬರುವ ಬಿಳಿಯನೂ ಒಂದೇ ಮನೆಯವರೆಂಬುದನ್ನು ರಮಾಬಾಯಿ ಓದುಗನಿಗೆ ಕಾಣಿಸುವುದಿಲ್ಲ. ಕಸಿಯುವವನು ಹಿಂದಿನ ಕಾಲದ ಲೋಭಿ. ಕೊಡುವವನು ಇಂದಿನ ಧರ್ಮಿಷ್ಠ. ಒಬ್ಬ ಒಂದು ಅಧ್ಯಾಯದಲ್ಲಿ, ಇನ್ನೊಬ್ಬ ಮತ್ತೊಂದರಲ್ಲಿ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ನೋಡುತ್ತಿದ್ದೆವು: ಎರಡು ಸೀಸೆಗಳಲ್ಲಿ ಬೇರೆ ಬೇರೆ ಇಟ್ಟಾಗ ಎರಡೂ ತಿಳಿನೀರು; ಕೂಡಿಸಿದ ಕೂಡಲೇ ಮಡ್ಡಿ ತಳಕ್ಕಿಳಿಯುತ್ತದೆ. ರಮಾಬಾಯಿ ಸೀಸೆಗಳನ್ನು ಕೂಡಿಸಲಿಲ್ಲ. ಅವರು ಅಲ್ಲಿದ್ದ ಮೂರು ವರ್ಷಗಳಲ್ಲಿಯೇ ಇತಿಹಾಸ ಅವನ್ನು ಕೂಡಿಸಲು ಹತ್ತಿತ್ತು.

ಎರಡು ಸಂಗತಿ ಹೇಳುತ್ತೇನೆ. ರಮಾಬಾಯಿ ಅಮೇರಿಕದಲ್ಲಿ ಕಾಲಿಟ್ಟ 1886ರಲ್ಲಿಯೇ, ಸೆಪ್ಟೆಂಬರಿನಲ್ಲಿ, ಅಪಾಚೆ ಜನರ ಮುಖಂಡ ಜೆರೊನಿಮೊ ಶರಣಾದ. ಅವನನ್ನು ಮೆಕ್ಸಿಕೋದ ಬೆಟ್ಟಗಳವರೆಗೆ ಬೆನ್ನಟ್ಟಿದ ದಳದ ಕ್ಯಾಪ್ಟನ್ ಹೆನ್ರಿ ಲಾಟನ್. ಆ ಲಾಟನ್ನನನ್ನು ಇಲ್ಲಿಗೇ ಬಿಡಬಾರದು, ಮುಂದೆ ಬರುತ್ತಾನೆ. ಎರಡನೆಯದು 1887ರ ಫೆಬ್ರವರಿಯ ಡಾಸ್ ಕಾಯಿದೆ. ಮೂಲನಿವಾಸಿಗಳು ಕುಲವೆಲ್ಲ ಸೇರಿ ಅನುಭವಿಸುತ್ತಿದ್ದ ನೆಲವನ್ನು ಮನೆಗಿಷ್ಟೆಂದು ತುಂಡುಮಾಡಿ ಹಂಚಿ, ಉಳಿದದ್ದನ್ನು ಬಿಳಿಯರಿಗೆ ತೆರೆಯುವುದು ಇದರ ತಿರುಳು. ಇದನ್ನು ತಂದವರು ದರೋಡೆಖೋರರಾಗಿದ್ದರೆ ಮಾತು ಸುಲಭವಿತ್ತು. ಹೆಸರು ಕೊಟ್ಟ ಡಾಸ್ ಮಹಾಶಯ ಮ್ಯಾಸಚೂಸೆಟ್ಸ್ ಸಂಸ್ಥಾನದ ಸೆನೆಟರ್. ಬೆಂಬಲಿಸಿದವರು ತಮ್ಮನ್ನು ‘ಇಂಡಿಯನ್ನರ ಮಿತ್ರರು’ ಎಂದು ಕರೆದುಕೊಳ್ಳುತ್ತಿದ್ದ ಸಜ್ಜನರು, ಧರ್ಮಭೀರುಗಳು. ಸ್ವಂತ ಹೊಲ ಬಂದರೆ ಇವರು ನಮ್ಮಂತೆ ನಾಗರಿಕರಾಗುತ್ತಾರೆ ಎಂಬುದು ಅವರ ಪ್ರಾಮಾಣಿಕ ನಂಬಿಕೆ. ಲೆಕ್ಕ ನೋಡಿ: 1887ರಲ್ಲಿ ಮೂಲನಿವಾಸಿಗಳ ಕೈಯಲ್ಲಿದ್ದ ನೆಲ ಸುಮಾರು 13 ಕೋಟಿ 80 ಲಕ್ಷ ಎಕರೆ, 1934ರ ಹೊತ್ತಿಗೆ ಉಳಿದದ್ದು 4 ಕೋಟಿ 80 ಲಕ್ಷ. ಮಿತ್ರರು ಮಾಡಿದ ಉಪಕಾರವಿದು. ಅದೇ ಮ್ಯಾಸಚೂಸೆಟ್ಸಿನ ರಾಜಧಾನಿ ಬಾಸ್ಟನ್. ಅದೇ ವರ್ಷದ ಕೊನೆಗೆ ಅಲ್ಲಿಯೇ ರಮಾಬಾಯಿ ಅಸೋಸಿಯೇಶನ್ ಹುಟ್ಟಿತು.

ಬಾಸ್ಟನ್ನಿನ ಹೆಸರು ನಮ್ಮ ಕಡೆಗೆ ಅದಕ್ಕೂ ಹಳೆಯದು. 1810ರಲ್ಲಿ ಹೊರದೇಶಗಳಿಗೆ ಧರ್ಮಪ್ರಚಾರಕರನ್ನು ಕಳಿಸಲೆಂದು ಹುಟ್ಟಿದ ‘ಅಮೇರಿಕನ್ ಬೋರ್ಡ್’ ತನ್ನ ಮೊದಲ ತಂಡವನ್ನು ಕಳಿಸಿದ್ದು ಹಿಂದುಸ್ತಾನಕ್ಕೆ. ಕಲಕತ್ತೆಯಲ್ಲಿ ಕಂಪನಿ ಸರಕಾರ ಅವರನ್ನು ಹೊರಡಿರೆಂದಿತು. ಗೋರ್ಡನ್ ಹಾಲ್ ಮೊದಲಾದವರು 1813ರಲ್ಲಿ ಮುಂಬಯಿಗೆ ಬಂದು ತಳವೂರಿದರು. 1831ರಲ್ಲಿ ಅಹಮದನಗರಕ್ಕೆ ಹೋದರು. ಶಾಲೆ, ಛಾಪಖಾನೆ, ಆಸ್ಪತ್ರೆ ಮಾಡಿದರು. ಅಹಮದನಗರದಲ್ಲಿ ನೌಕರಿ ಮಾಡಿದ ನಮ್ಮ ಸಂಘದ ಹಿರಿಯರು ಆ ಶಾಲೆಗಳ ಶಿಸ್ತನ್ನು ಇಂದಿಗೂ ಹೊಗಳುತ್ತಾರೆ. ಇದೇ ಬೋರ್ಡ್ ಇನ್ನೊಂದು ತಂಡವನ್ನು ಹವಾಯಿ ದ್ವೀಪಗಳಿಗೆ ಕಳಿಸಿತು. ಅವರು 1820ರಲ್ಲಿ ಅಲ್ಲಿಗೆ ಮುಟ್ಟಿದರು. ಅಲ್ಲಿಯೂ ಶಾಲೆ, ಅಲ್ಲಿಯೂ ಛಾಪಖಾನೆ. ಲಿಪಿಯಿಲ್ಲದ ಭಾಷೆಗೆ ಲಿಪಿ ಕೊಟ್ಟರು. ವ್ಯತ್ಯಾಸ ಇಷ್ಟೇ: ಮುಂಬಯಿಯಲ್ಲಿ ನೆಲದ ಮೇಲೆ ಆಗಲೇ ಇನ್ನೊಬ್ಬ ಧಣಿ ಕುಳಿತಿದ್ದ, ಹವಾಯಿಯಲ್ಲಿ ಆ ಜಾಗ ಖಾಲಿಯಿತ್ತು. ಪಾದ್ರಿಗಳ ಮಕ್ಕಳು ಮೊಮ್ಮಕ್ಕಳು ಅಲ್ಲಿ ಕಬ್ಬಿನ ತೋಟಗಳ ಒಡೆಯರಾದರು, ವಕೀಲರಾದರು, ನ್ಯಾಯಾಧೀಶರಾದರು. 1887ರಲ್ಲಿ ಅಲ್ಲಿಯ ಅರಸನಿಗೆ ಬಂದೂಕಿನ ಭಯ ತೋರಿಸಿ ಅಧಿಕಾರ ಮೊಟಕು ಮಾಡುವ ಕಾಗದಕ್ಕೆ ಸಹಿ ಹಾಕಿಸಿದರು. ಅದೇ ವರ್ಷ ಪರ್ಲ್ ಹಾರ್ಬರನ್ನು ಬಳಸುವ ಹಕ್ಕು ಅಮೇರಿಕಕ್ಕೆ ಸಿಕ್ಕಿತು. 1893ರ ಜನವರಿಯಲ್ಲಿ ರಾಣಿ ಲಿಲಿಯುಓಕಲಾನಿಯನ್ನು ಇಳಿಸಿದಾಗ, ಅಮೇರಿಕದ ಯುದ್ಧನೌಕೆಯಿಂದ ಸಿಪಾಯಿಗಳು ಹೊನೊಲುಲು ಬೀದಿಗೆ ಇಳಿದು ನಿಂತರು. ಆ ನೌಕೆಯ ಹೆಸರು ‘ಬಾಸ್ಟನ್’. ರಾಣಿಯ ಜಾಗದಲ್ಲಿ ಕುಳಿತ ಸ್ಯಾನ್‌ಫರ್ಡ್ ಡೋಲ್ ಪಾದ್ರಿಯ ಮಗ.

ಆ ವರ್ಷ ಪುಣೆಯಲ್ಲಿ ಏನು ನಡೆದಿತ್ತು? ಶಾರದಾ ಸದನದಲ್ಲಿ ಹುಡುಗಿಯರನ್ನು ಕ್ರೈಸ್ತರನ್ನಾಗಿ ಮಾಡುತ್ತಿದ್ದಾರೆಂಬ ಗಲಾಟೆ ಎದ್ದು, ರಾನಡೆ, ಭಾಂಡಾರಕರರಂಥವರು ಸಲಹಾ ಮಂಡಳಿಯಿಂದ ಹೊರಬಂದದ್ದು ಅದೇ 1893ರಲ್ಲಿ. ಟಿಳಕರ ‘ಕೇಸರಿ’ ಕೆಂಡ ಕಾರಿತು. ವಿಚಿತ್ರವೆಂದರೆ ಪುಣೆಯ ಜಗಳವೆಲ್ಲ ಧರ್ಮಾಂತರದ ಸುತ್ತಲೇ ಸುತ್ತಿತು. ಅಮೇರಿಕದ ಹಣವೆಂಬುದು ಎಂಥ ರಾಜ್ಯಶಕ್ತಿಯ ಹಣ, ಆ ಶಕ್ತಿ ಎತ್ತ ಹೊರಟಿದೆ ಎಂಬುದು ಆ ಗದ್ದಲದ ಮುಖ್ಯ ಪ್ರಶ್ನೆಯಾಗಲಿಲ್ಲ. ನಮಗೆ ಎದುರಿನ ಹುಲಿ ಇಂಗ್ಲಿಷನೊಬ್ಬನೇ. ಮರಿ ಹುಲಿಯನ್ನು ಯಾರು ನೋಡುತ್ತಾರೆ?

ಇನ್ನು 1898. ಫೆಬ್ರವರಿ 15ರಂದು ಹವಾನಾ ಬಂದರಿನಲ್ಲಿ ‘ಮೇನ್’ ಎಂಬ ಅಮೇರಿಕದ ನೌಕೆ ಸಿಡಿದು 260ಕ್ಕೂ ಹೆಚ್ಚು ನಾವಿಕರು ಸತ್ತರು. ಕ್ಯೂಬಾವನ್ನು ಸ್ಪೇನಿನ ಹಿಂಸೆಯಿಂದ ಬಿಡಿಸುತ್ತೇವೆಂದು ಏಪ್ರಿಲಿನಲ್ಲಿ ಯುದ್ಧ. ಮೇ 1ಕ್ಕೆ ಕಮೊಡೋರ್ ಡ್ಯೂಯಿ ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ಹಡಗುಗಳನ್ನು ಒಂದೇ ಬೆಳಗಿನಲ್ಲಿ ಮುಳುಗಿಸಿದ. ಅವನ ದಂಡಿನಲ್ಲಿಯೂ ಅದೇ ‘ಬಾಸ್ಟನ್’ ಇತ್ತು. ಜುಲೈನಲ್ಲಿ ಹವಾಯಿ ಅಮೇರಿಕಕ್ಕೆ ಸೇರಿತು. ಡಿಸೆಂಬರಿನ ಪ್ಯಾರಿಸ್ ಒಪ್ಪಂದದಲ್ಲಿ ಪೋರ್ಟೊರಿಕೊ, ಗ್ವಾಮ್ ಸುಮ್ಮನೆ ಬಂದವು. ಫಿಲಿಪೈನ್ಸಿಗೆ ಸ್ಪೇನಿಗೆ 2 ಕೋಟಿ ಡಾಲರ್ ಕೊಟ್ಟರು. ಫಿಲಿಪೈನ್ಸಿನವರು ಜೂನ್ 12ಕ್ಕೇ ಸ್ವಾತಂತ್ರ್ಯ ಸಾರಿಯಾಗಿತ್ತು, ಮನಿಲಾದ ಹೊರಗಿನ ಬಹುಭಾಗ ಅವರ ಕೈಯಲ್ಲೇ ಇತ್ತು. ಅಂದರೆ ಸ್ಪೇನು ತನ್ನ ಬಳಿ ಇಲ್ಲದ್ದನ್ನು ಮಾರಿತು, ಅಮೇರಿಕ ಅದಕ್ಕೆ ಪಾವತಿ ಪಡೆಯಿತು. ದ್ವೀಪಗಳಲ್ಲಿದ್ದ ಜನ 70 ಲಕ್ಷಕ್ಕೂ ಮೇಲೆ. ಲೆಕ್ಕ ಹಾಕುವ ಚಟದವನಾದ್ದರಿಂದ ಹಾಕಿ ನೋಡಿದೆ: ತಲೆಗೆ ಮೂರು ಡಾಲರೂ ಬೀಳಲಿಲ್ಲ.

1899ರ ಫೆಬ್ರವರಿಯಲ್ಲಿ ಫಿಲಿಪೈನ್ಸಿನ ಯುದ್ಧ ಶುರುವಾಯಿತು. ನಮ್ಮ ಮುಂಬಯಿಯಲ್ಲೇ ಹುಟ್ಟಿದ ಕಿಪ್ಲಿಂಗ್ ‘ಬಿಳಿಯನ ಹೊರೆ’ ಎಂಬ ಪದ್ಯ ಬರೆದು ಅಮೇರಿಕಕ್ಕೆ ಹುರಿದುಂಬಿಸಿದ್ದು ಅದೇ ತಿಂಗಳು. ಯುದ್ಧ ಮುಗಿಯಿತೆಂದು 1902ರ ಜುಲೈ 4ರಂದು, ತಮ್ಮ ಸ್ವಾತಂತ್ರ್ಯ ದಿನದಂದೇ, ಸಾರಿದರು. ಅಷ್ಟರಲ್ಲಿ 4,200ಕ್ಕೂ ಹೆಚ್ಚು ಅಮೇರಿಕನ್ ಸಿಪಾಯಿಗಳು, ಸುಮಾರು 20,000 ಫಿಲಿಪಿನೋ ಹೋರಾಟಗಾರರು ಸತ್ತಿದ್ದರು. ಊರು ಸುಟ್ಟು, ಜನರನ್ನು ಬೇಲಿಯೊಳಗೆ ಕೂಡಿಹಾಕಿದ್ದರಿಂದ, ಹಸಿವು, ಕಾಲರಾಗಳಿಂದ ಸತ್ತ ಸಾಮಾನ್ಯರು ಸುಮಾರು ಎರಡು ಲಕ್ಷ ಎನ್ನುತ್ತಾರೆ. ಅಲ್ಲಿಗೆ ಹೋದ ಜನರಲ್ಲುಗಳಲ್ಲಿ ಬಹಳ ಜನ ತಮ್ಮ ನಾಡಿನ ಮೂಲನಿವಾಸಿಗಳ ಮೇಲೆ ಕೈ ಪಳಗಿಸಿಕೊಂಡವರು. ಜೆರೊನಿಮೊನನ್ನು ಬೆನ್ನಟ್ಟಿದ ಲಾಟನ್ ಈಗ ಮೇಜರ್ ಜನರಲ್. 1899ರ ಡಿಸೆಂಬರಿನಲ್ಲಿ ಮನಿಲಾದ ಹತ್ತಿರ ಗುಂಡೇಟಿಗೆ ಸತ್ತ. ಎದುರು ಪಕ್ಷದ ಸೇನಾನಿಯ ಹೆಸರು ಲಿಸೆರಿಯೊ ಜೆರೊನಿಮೊ. ಕಾದಂಬರಿಕಾರ ಬರೆದರೆ ಅತಿಯಾಯಿತೆಂದು ನಾವೇ ಬೈಯುತ್ತಿದ್ದೆವು.

ಆದರೆ ನನ್ನನ್ನು ಹೆಚ್ಚು ಕಾಡುವುದು ಗುಂಡಿನ ಕಥೆಯಲ್ಲ. 1901ರ ಆಗಸ್ಟಿನಲ್ಲಿ ‘ಥಾಮಸ್’ ಎಂಬ ಸೈನ್ಯದ ಹಡಗು ಸುಮಾರು 500 ಅಮೇರಿಕನ್ ಶಿಕ್ಷಕರನ್ನು ಮನಿಲಾದಲ್ಲಿ ಇಳಿಸಿತು. ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಊರೂರಿಗೆ ಹೋಗಿ ಶಾಲೆ ತೆರೆದರು, ಇಂಗ್ಲಿಷ್ ಕಲಿಸಿದರು, ಕೆಲವರು ರೋಗ ಬಂದು ಅಲ್ಲಿಯೇ ತೀರಿಕೊಂಡರು. ಒಳ್ಳೆಯ ಜನ. ರಮಾಬಾಯಿ ಹನ್ನೆರಡು ವರ್ಷ ಹಿಂದೆ ಹೊಗಳಿದ್ದ ಆ ಶಾಲೆಯೇ, ಆ ಓದಿದ ಹೆಣ್ಣುಮಗಳೇ ಈಗ ಸೈನ್ಯದ ಹಡಗಿನಲ್ಲಿ ಸಮುದ್ರ ದಾಟಿದ್ದಳು. ಕಸಿಯುವ ಕೈ ಮುಂದೆ, ಕೊಡುವ ಕೈ ಹಿಂದೆ. ಬೇರೆ ಬೇರೆ ಅಧ್ಯಾಯಗಳಲ್ಲಿದ್ದವರು ಒಂದೇ ಪುಟಕ್ಕೆ ಬಂದಿದ್ದರು.

ಈ ಲೇಖನದ ಕರಡನ್ನು ನಮ್ಮ ಸಂಘದ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಸಿಟ್ಟಾದರು. ‘1889ರಾಗ ಬರೆದ ಪುಸ್ತಕಕ್ಕ 1898ರ ಪಾಪ ಹೊರಸೋದು ಯಾವ ನ್ಯಾಯಾರೀ? ಆಕೀ ಕಾಲಜ್ಞಾನ ಬರೀಲಿಕ್ಕೆ ಕೂತಿದ್ದಳೇನು?’ ಎಂದರು. ಮಾತು ಒಪ್ಪತಕ್ಕದ್ದೇ. ಪುಸ್ತಕದ ಮೇಲಿನ ನನ್ನ ತಕರಾರು ಹಿಂದೆ ಹೇಳಿದಷ್ಟೇ: ಕಣ್ಣೆದುರಿಗಿದ್ದ ಡಾಸ್ ಕಾಯಿದೆಯ ಸಜ್ಜನರನ್ನು ಮೂಲನಿವಾಸಿಗಳ ಕಥೆಯ ಪಕ್ಕದಲ್ಲಿಟ್ಟು ನೋಡಲಿಲ್ಲ. ಉಳಿದ ತಕರಾರು ಪುಸ್ತಕದ ಮೇಲಲ್ಲ, ಬಾರದ ಪುಸ್ತಕದ ಮೇಲೆ. ಏಕೆಂದರೆ ರಮಾಬಾಯಿ ಎರಡನೆಯ ಸಲವೂ ಅಮೇರಿಕಕ್ಕೆ ಹೋದರು, ಮತ್ತು ಹೋದದ್ದು ಅದೇ 1898ರಲ್ಲಿ. ಹತ್ತು ವರ್ಷದ ವಚನ ಮುಗಿಯುತ್ತ ಬಂದಿತ್ತು, ಅಸೋಸಿಯೇಶನ್ನನ್ನು ಹೊಸದಾಗಿ ಕಟ್ಟಬೇಕಿತ್ತು. ಆ ಬೀದಿಗಳನ್ನು, ಆ ಪತ್ರಿಕೆಗಳನ್ನು, ಯುದ್ಧದ ವರ್ಷದ ಆ ಪ್ರಾರ್ಥನಾ ಮಂದಿರಗಳನ್ನು, ಪುಣೆಯಿಂದ ಹೋದ ಇಂಥ ಚುರುಕು ಕಣ್ಣು ಆಗ ನೋಡಿತು. ಆದರೆ ಅಮೇರಿಕದ ಮೇಲೆ ಎರಡನೆಯ ಗ್ರಂಥ ಬರಲಿಲ್ಲ. ಮುಂದೆ ಅವರು ತಮ್ಮ ಧಾರ್ಮಿಕ ಆತ್ಮಕಥನ ಬರೆದರು, ಬೈಬಲ್ಲನ್ನು ಮರಾಠಿಗೆ ತಂದರು.

ಯಾಕೆ ಬರೆಯಲಿಲ್ಲ? ಊಹೆಗೆ ಮಿತಿಯಿರಲಿ. 1896-97ರ ಬರದಲ್ಲಿ ಮಧ್ಯಪ್ರಾಂತದಿಂದ ಅನಾಥ ಹುಡುಗಿಯರನ್ನು ಕರೆತಂದಿದ್ದರು; 1900ರ ಬರದಲ್ಲಿ ಗುಜರಾತಿನಿಂದ ನೂರಾರು ಜನ ಬಂದರು. ಹೊಲದಲ್ಲಿ ಬಾವಿ ತೋಡಿಸಬೇಕು, ಅಷ್ಟು ಬಾಯಿಗೆ ಅನ್ನ ಹಾಕಬೇಕು. ಸ್ವತಃ ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡವರು ಅವರು. ಕಾಳು ಬಂದ ಚೀಲ ಯಾವ ದೇಶದ್ದೆಂದು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅದು ತಪ್ಪೆಂದು ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಓದುಗನಾಗಿ ನನಗೆ ಆ ಬಾರದ ಪುಸ್ತಕದ ಹಸಿವು ಉಳಿದೇ ಇದೆ.

ಅಮೇರಿಕದವರೇ ಆಗ ಬಾಯಿ ಬಿಟ್ಟು ಮಾತಾಡಿದರೆಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ಒಮ್ಮುಖವಾದೀತು. ಸಾಮ್ರಾಜ್ಯಶಾಹಿಯನ್ನು ವಿರೋಧಿಸುವ ಸಂಘವೊಂದು 1898ರಲ್ಲಿ ಹುಟ್ಟಿತು, ಅದೂ ಬಾಸ್ಟನ್ನಿನಲ್ಲಿಯೇ. 1896ರಲ್ಲಿ ನಮ್ಮ ದೇಶ ಸುತ್ತಿಹೋದ ಮಾರ್ಕ್ ಟ್ವೇನ್ ಮೊದಲು ಕ್ಯೂಬಾದ ಯುದ್ಧವನ್ನು ಮೆಚ್ಚಿದವ. ಫಿಲಿಪೈನ್ಸಿನ ಸುದ್ದಿ ಓದುತ್ತ ಮನಸ್ಸು ತಿರುಗಿ ಆ ಸಂಘದ ಉಪಾಧ್ಯಕ್ಷನಾದ, 1910ರಲ್ಲಿ ಸಾಯುವವರೆಗೂ ಆಗಿಯೇ ಇದ್ದ. ತನ್ನವರನ್ನೇ ಕುಟುಕುವ ಅವನ ಲೇಖನಗಳನ್ನು ಓದಿದಾಗ, ರಮಾಬಾಯಿಯ ಟೊಪ್ಪಿಗೆ-ಹಕ್ಕಿಯ ಪುಟದ ಮೊನಚು ನೆನಪಾಗುತ್ತದೆ. ಆ ಮೊನಚು 1898ರ ಮೇಲೆ ತಿರುಗಿದ್ದರೆ ಮರಾಠಿಗೆ ಎಂಥ ಪುಸ್ತಕ ಸಿಗುತ್ತಿತ್ತು!

ಕನ್ನಡದಲ್ಲಿಯೂ ನಾವು ಅಮೇರಿಕದ ಪ್ರವಾಸಕಥನಗಳನ್ನು ಪ್ರೀತಿಯಿಂದ ಓದಿದ ಜನ. ‘ಅಮೇರಿಕಾದಲ್ಲಿ ಗೊರೂರು’ ನಮ್ಮ ಸಂಘದ ವಾಚನಾಲಯದಲ್ಲಿ ರಟ್ಟು ಕಿತ್ತುಹೋಗುವಷ್ಟು ಕೈ ಬದಲಿಸಿದೆ. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿತು. ಗೊರೂರರ ನಗೆ, ಮನುಷ್ಯ ಪ್ರೀತಿ ರಮಾಬಾಯಿಯಲ್ಲಿಲ್ಲ. ಆದರೆ ಆ ನೆಲ ಯಾರದಾಗಿತ್ತು ಎಂಬ ಪ್ರಶ್ನೆಯನ್ನು ಪುಸ್ತಕದ ಮೊದಮೊದಲಲ್ಲೇ ಎತ್ತಿದ ಗಟ್ಟಿತನ ರಮಾಬಾಯಿಯದು. ಆಮೇಲೆ ಬಂದ ನಮ್ಮ ಎಷ್ಟೋ ಪ್ರವಾಸಿಗಳು ರಸ್ತೆಯ ಅಗಲ, ಅಂಗಡಿಯ ಎತ್ತರ ಅಳೆದು ಬಂದಿದ್ದಾರೆ.

ನಮ್ಮ ಅಪ್ಪ ಧಾರವಾಡ ಸೀಮೆಯಲ್ಲಿ ಸಾಲಿ ಮಾಸ್ತರರಾಗಿದ್ದವರು. ಅರವತ್ತರ ದಶಕದ ಕೊನೆಗೆ ಶಾಲೆಗಳಿಗೆ ‘ಕೇರ್’ ಸಂಸ್ಥೆಯ ಮೂಲಕ ಅಮೇರಿಕದ ಹಳದಿ ರವೆ, ಹಾಲಿನ ಪುಡಿ ಬರುತ್ತಿದ್ದವು. ಆ ಉಪ್ಪಿಟ್ಟಿನ ವಾಸನೆಯನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಅದೇ ಹೊತ್ತಿಗೆ, 1965-66ರಲ್ಲಿ, ಪಿ.ಎಲ್. 480ರ ಗೋದಿಯನ್ನು ಅಧ್ಯಕ್ಷ ಜಾನ್ಸನ್ ತಿಂಗಳಿಗಿಷ್ಟೆಂದು ಹಗ್ಗ ಬಿಗಿಹಿಡಿದು ಕಳಿಸುತ್ತಿದ್ದ. ವಿಯೆಟ್ನಾಮಿನ ಬಗ್ಗೆ ದಿಲ್ಲಿಯ ಬಾಯಿ ಜೋರಾದರೆ ಹಗ್ಗ ಇನ್ನಷ್ಟು ಬಿಗಿ. ಈ ವಿಷಯ ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗ ಅದು ಪೇಪರಿನಾಗ ಓದಿ ಗೊತ್ತಿತ್ತು. ಆದರ ಹುಡುಗರು ಸಾಲಿಗೆ ಬರತಿದ್ದದ್ದು ಉಪ್ಪಿಟ್ಟಿಗೇ. ನೀಡಿದೆ. ಸಂಜಿಗೆ ಭೂಗೋಲದ ಪಾಠದಾಗ ವಿಯೆಟ್ನಾಮ್ ಎಲ್ಲೈತಿ ಅಂತ ನಕಾಶದಾಗ ತೋರಿಸಿದೆ’ ಎಂದರು. ರಮಾಬಾಯಿಯ ಬಾರದ ಪುಸ್ತಕದ ಬಗ್ಗೆ ನಾನು ಬರೆದ ಎರಡು ಪುಟಕ್ಕಿಂತ ಈ ಮಾತು ಹೆಚ್ಚು ತೂಕದ್ದೆಂದು ನನ್ನ ಹೆಂಡತಿಯ ಅಭಿಪ್ರಾಯ. ನಾನು ವಾದ ಮಾಡಲಿಲ್ಲ.

ಅಕ್ಕನ ಮಗಳು ಫಿಲಡೆಲ್ಫಿಯಾದಿಂದ ಫೋನು ಮಾಡಿದ್ದಳು. ಅವಳ ಕಾಲೇಜಿನ ಕೋಣೆಯಲ್ಲಿ ಜೊತೆಗಿರುವ ಹುಡುಗಿ ಪೋರ್ಟೊರಿಕೊದವಳಂತೆ. ಅಮೇರಿಕದ ಪ್ರಜೆಯೇ, ಪಾಸ್‌ಪೋರ್ಟೂ ಅದೇ. ಆದರೆ ಅವಳ ದ್ವೀಪದಲ್ಲಿ ಮನೆಯಿರುವವರಿಗೆ ಅಧ್ಯಕ್ಷನ ಚುನಾವಣೆಯಲ್ಲಿ ಮತವಿಲ್ಲ. ‘ಇದು ಹ್ಯಾಂಗ ಮಾಮಾ? ನೀವು ಕೊಟ್ಟ ಪುಸ್ತಕದಾಗ ಇದು ಇಲ್ಲಲ್ಲ’ ಎಂದಳು. 1898ರ ಕಥೆ ಹೇಳಲು ಶುರುಮಾಡಿದೆ, ಅವಳ ಬಸ್ಸು ಬಂತು. ಉಳಿದದ್ದನ್ನು ಬರೆದು ಕಳಿಸುತ್ತೇನೆಂದೆ. ಆ ಬರಹವೇ ಹಿಗ್ಗಿ ಈ ಲೇಖನವಾಯಿತು. ಅವಳಿಗೂ ಒಂದು ಪ್ರತಿ ಕಳಿಸುವವನಿದ್ದೇನೆ, ತಡವರಿಸಿಯಾದರೂ ಓದಲಿ.

ರಮಾಬಾಯಿಯವರ ಪುಸ್ತಕ ಕನ್ನಡದಲ್ಲಿ ನನ್ನ ಕೈಗೆ ಸಿಕ್ಕಿಲ್ಲ. ಮರಾಠಿ, ಕನ್ನಡ ಎರಡನ್ನೂ ಬಲ್ಲವರು ನಮ್ಮ ಸಂಘದಲ್ಲಿ ಬಹಳ ಜನ ಇದ್ದಾರೆ. ಯಾರಾದರೂ ಮೂಲನಿವಾಸಿಗಳ ಅಧ್ಯಾಯವನ್ನಷ್ಟಾದರೂ ನಮ್ಮ ಮಾಸಿಕಕ್ಕೆಂದು ಕನ್ನಡಿಸುವುದಾದರೆ, ವಾಚನಾಲಯದಿಂದ ಪುಸ್ತಕ ತಂದುಕೊಡುವ, ಕರಡು ತಿದ್ದುವ ಕೆಲಸ ನನ್ನದು. ರವಿವಾರ ಸಂಜೆ ನಾನು ಸಂಘದಲ್ಲೇ ಇರುತ್ತೇನೆ.